ಸೂಜಿಯ ಭಯಕ್ಕೆ ವರ್ತನಾ ಚಿಕಿತ್ಸೆ

ಚುಚ್ಚುಮದ್ದು ಹಾಗೂ ರಕ್ತಪರೀಕ್ಷೆಯ ಅತಿಯಾದ ಭಯದಿಂದ ಕೆಲವರು ಆಸ್ಪತ್ರೆಯಿಂದಲೇ ದೂರ ಉಳಿಯುತ್ತಾರೆ. ಇದರಿಂದ ರಕ್ತಹೀನತೆ, ಮಧುಮೇಹಗಳು ಸಕಾಲದಲ್ಲಿ ಪತ್ತೆಯಾಗದೆ ಹೋಗಬಹುದು. ನಾಯಿ ಕಚ್ಚಿದಾಗ ಲಸಿಕೆ ತಪ್ಪಿಸಿದರೆ ಪ್ರಾಣಕ್ಕೇ ಅಪಾಯ. ಇಂತಹ ಭಯವು ಹೇಡಿತನವಲ್ಲ, ಚಿಕಿತ್ಸೆಯಿಂದ ಗುಣವಾಗಬಲ್ಲ ತೊಂದರೆ.

ಸೂಜಿಯಿಂದ ತಪ್ಪಿಸಿಕೊಂಡಾಗ ದೊರೆಯುವ ಕ್ಷಣಿಕ ನೆಮ್ಮದಿಯೇ ಭಯವನ್ನು ಬೇರೂರಿಸುತ್ತದೆ. ಆದ್ದರಿಂದ ವರ್ತನಾ ಚಿಕಿತ್ಸೆಯಲ್ಲಿ ಭಯವನ್ನು ಹಂತಹಂತವಾಗಿ ಎದುರಿಸುವ ಅಭ್ಯಾಸ ಮಾಡಿಸಲಾಗುತ್ತದೆ: ಮೊದಲು ಸೂಜಿಯ ಚಿತ್ರ, ಬಳಿಕ ಮುಚ್ಚಳವಿರುವ ಸಿರಿಂಜು, ಅನಂತರ ಬೇರೆಯವರಿಗೆ ಚುಚ್ಚುವುದನ್ನು ನೋಡುವುದು, ಕೊನೆಗೆ ಸ್ವತಃ ಚುಚ್ಚಿಸಿಕೊಳ್ಳುವುದು. ಆತಂಕ ತಗ್ಗಿದ ಮೇಲೆಯೇ ಮುಂದಿನ ಹಂತ, ಬಲವಂತ ಸಲ್ಲದು.

ಸೂಜಿ ಅಥವಾ ರಕ್ತ ಕಂಡಾಗ ಕೆಲವರಿಗೆ ರಕ್ತದೊತ್ತಡ ಥಟ್ಟನೆ ಕುಸಿದು ಮೂರ್ಛೆ ಬರುತ್ತದೆ. ಇವರಿಗಾಗಿ ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ಸ್ನಾಯು ಬಿಗಿಯುವ ವಿಧಾನವನ್ನು ರೂಪಿಸಿದರು. ಕೈ, ಕಾಲು ಮತ್ತು ಮುಂಡದ ಸ್ನಾಯುಗಳನ್ನು ಮುಖ ಬಿಸಿಯೇರುವವರೆಗೆ 10–15 ಸೆಕೆಂಡು ಬಿಗಿಹಿಡಿದು, 20–30 ಸೆಕೆಂಡು ಸಡಿಲಿಸಬೇಕು. ಇದನ್ನು ಐದು ಬಾರಿ ಮಾಡಬೇಕು. ಚುಚ್ಚುವ ತೋಳು ಮಾತ್ರ ಸಡಿಲವಾಗಿರಬೇಕು. ಗರ್ಭಿಣಿಯರು, ಅಧಿಕ ರಕ್ತದೊತ್ತಡ ಅಥವಾ ಹೃದ್ರೋಗ ಉಳ್ಳವರು ಮೊದಲು ವೈದ್ಯರ ಸಲಹೆ ಪಡೆಯುವುದು.

ಭಯವಿರುವವರು ಅದನ್ನು ಆರೋಗ್ಯ ಸಿಬ್ಬಂದಿಗೆ ಮುಂಚಿತವಾಗಿ ತಿಳಿಸುವುದು. ಉಚಿತ ಮಾರ್ಗದರ್ಶನಕ್ಕೆ ಟೆಲಿ ಮಾನಸ್ ಸಹಾಯವಾಣಿ: 14416.