ಉಸಿರಿನಿಂದ ಹುಟ್ಟಿದ ಹೂದಾನಿ

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ನೀಲಿ ಗಾಜಿನ ಹೂದಾನಿಯಿದೆ. ಅದರ ಮೈಯಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು. ತಳದಲ್ಲಿ ಒರಟಾದೊಂದು ಗಾಯದ ಗುರುತು. ಇದು ಕೆಟ್ಟ ಸರಕೆಂದು ಭಾವಿಸಿ, ಹಳೆಯ ಸಾಮಾನಿನವನಿಗೆ ಕೊಟ್ಟುಬಿಡೋಣವೆಂದು ತಾಯಿಯವರಿಗೆ ಹೇಳಿದವನು ನಾನೇ. ಅವರು ಒಪ್ಪಲಿಲ್ಲ. ಗಾಜಿನ ಕಸಬಿನ ವಿಚಾರವನ್ನು ಓದಿ ತಿಳಿದ ಮೇಲೆ ನನ್ನ ಅವಿವೇಕ ನನಗೆ ಅರಿವಾಯಿತು.

ಗಾಜು ಮೂಲತಃ ಮರಳು. ಶುದ್ಧ ಮರಳನ್ನು ಕರಗಿಸಲು ಸುಮಾರು 1700 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಸೋಡಾ ಬೆರೆಸಿದರೆ ಅದು ಕಡಮೆ ಶಾಖಕ್ಕೇ ಕರಗುತ್ತದೆ. ಆದರೆ ಅಂತಹ ಗಾಜು ನೀರಿಗೆ ನಿಲ್ಲದು. ಆದುದರಿಂದ ಸುಣ್ಣವನ್ನೂ ಸೇರಿಸುತ್ತಾರೆ. ಕೋಬಾಲ್ಟ್ ಬೆರೆತರೆ ನೀಲಿಬಣ್ಣ ಬರುತ್ತದೆ.

ಗಾಜನ್ನು ಊದುವ ವಿದ್ಯೆ ಕ್ರಿ. ಪೂ. 1ನೆಯ ಶತಮಾನದಲ್ಲಿ ಸಿರಿಯಾ-ಪ್ಯಾಲೆಸ್ಟೈನ್ ಸೀಮೆಯಲ್ಲಿ ಹುಟ್ಟಿ ರೋಮ್ ಸಾಮ್ರಾಜ್ಯದಲ್ಲೆಲ್ಲ ಹರಡಿತು. 1291ರಲ್ಲಿ ವೆನಿಸ್ ಗಣರಾಜ್ಯವು ಬೆಂಕಿಯ ಭಯದಿಂದ ನಗರದ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಿತು. ಗುಟ್ಟು ಬಯಲಾದೀತೆಂದು ಅಲ್ಲಿನ ಕುಶಲಿಗಳು ಹೊರನಾಡಿಗೆ ಹೋಗದಂತೆ ನಿರ್ಬಂಧವನ್ನೂ ವಿಧಿಸಿತು. ಇಂದಿಗೂ ಆ ದ್ವೀಪ ಈ ಕಲೆಗೆ ಹೆಸರಾಗಿದೆ.

ಕೆಲಸದ ಕ್ರಮ ಹೀಗಿದೆ. ಉದ್ದನೆಯ ಕಬ್ಬಿಣದ ಕೊಳವೆಯ ತುದಿಯನ್ನು ಕುಲುಮೆಯಲ್ಲಿ ಅದ್ದಿ ತಿರುಗಿಸಿದರೆ, ಜೇನಿನಂತೆ ಮಂದವಾದ ಗಾಜು ಸುತ್ತಿಕೊಳ್ಳುತ್ತದೆ. ಅದನ್ನು ನುಣುಪಾದ ಹಲಗೆಯ ಮೇಲೆ ಉರುಳಿಸಿ, ಕೊಳವೆಯ ಇನ್ನೊಂದು ತುದಿಯಿಂದ ಊದುತ್ತಾರೆ. ಕೊಳವೆಯನ್ನು ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ಗಾಜು ಒಂದು ಕಡೆಗೆ ಜೋತುಬೀಳುತ್ತದೆ. ಹೊಟ್ಟೆ ಆಕಾರಕ್ಕೆ ಬಂದ ಬಳಿಕ ತಳಕ್ಕೆ ಬೇರೊಂದು ಸಲಾಕಿಯನ್ನು ಅಂಟಿಸಿ, ಊದುಗೊಳವೆಯನ್ನು ಬೇರ್ಪಡಿಸಿ, ಬಾಯಿಯನ್ನು ಮತ್ತೆ ಕಾಯಿಸಿ ಇಕ್ಕಳದಿಂದ ಅಗಲಿಸುತ್ತಾರೆ. ಕೊನೆಗೆ ಸಲಾಕಿಯನ್ನು ತಟ್ಟಿ ಬಿಡಿಸಿದಾಗ ಉಳಿಯುವುದೇ ತಳದ ಗಾಯ!

ಇಷ್ಟಾದರೂ ಕೆಲಸ ಮುಗಿಯದು. ಹೂದಾನಿಯನ್ನು ಹಾಗೆಯೇ ಹೊರಗಿಟ್ಟರೆ ಹೊರಮೈ ಬೇಗ ತಣಿದು, ಒಳಗಿನ ಬಿಸಿಯೊಡನೆ ಸೆಣಸಿ, ಬಿರಿದುಹೋಗುತ್ತದೆ. ಆದಕಾರಣ ಸುಮಾರು 500 ಡಿಗ್ರಿ ಶಾಖದ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ಮೆಲ್ಲಮೆಲ್ಲನೆ ತಣಿಸುತ್ತಾರೆ.

ಗುಳ್ಳೆಗಳು ಯಂತ್ರದ ಗಾಜಿನಲ್ಲಿಯೂ ಇರಬಹುದು. ಆದರೆ ತಳದ ಆ ಗಾಯ, ಯಾರೋ ಒಬ್ಬನು ಕುಲುಮೆಯೆದುರು ಬೆವರು ಸುರಿಸಿ ದುಡಿದುದಕ್ಕೆ ಸಾಕ್ಷಿ. ನಾನು ಮಾರಲೆಳಸಿದ್ದು ಹಳೆಯ ಗಾಜನ್ನಲ್ಲ. ಹೆಸರು ತಿಳಿಯದ ಒಬ್ಬ ಕುಶಲಿಯ ಉಸಿರನ್ನು. ಸಹಪಾಠಿಗಳೇ, ನಿಮ್ಮ ಮನೆಯಲ್ಲಿಯೂ ಅಂತಹ ಹೂದಾನಿಯೊಂದು ಇದ್ದರೆ, ಮಾರುವ ಮೊದಲು ಅದರ ತಳವನ್ನೊಮ್ಮೆ ತಿರುಗಿಸಿ ನೋಡಿ.