ಹಡಗಿನಲ್ಲೂ ಮೇಲು-ಕೀಳು!

ಮಕ್ಕಳೇ, ಹಿಡಕಲ್ಲಿನವರಾದ ನಮಗೆ ನೀರು ಹೊಸದಲ್ಲ. ಘಟಪ್ರಭೆಗೆ ಕಟ್ಟಿದ ನಮ್ಮ ರಾಜಾ ಲಖಮಗೌಡ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ಆದರೆ ನೀರಿನ ಮೇಲೆ ಊರು ಕಟ್ಟಿಕೊಂಡು ತಿರುಗುವುದು ಮಾತ್ರ ನಮಗೆ ಹೊಸದು. ಈಗ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಅಜ್ಜ-ಅಜ್ಜಿಯರೂ ಕ್ರೂಸ್ ಹಡಗು ಹತ್ತಿ ಬರುತ್ತಿದ್ದಾರೆ. ಮಗ ಅಮೆರಿಕದಲ್ಲಿದ್ದರೆ ಮಿಯಾಮಿಯಿಂದ, ಮಗಳು ಸಿಂಗಪುರದಲ್ಲಿದ್ದರೆ ಅಲ್ಲಿಂದ, ಯಾರೂ ಎಲ್ಲೂ ಇಲ್ಲದಿದ್ದರೆ ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮುಂಬಯಿಯಿಂದ.

ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಕೇಳುವುದು ‘ಯಾವ ಊರಾತ್ರೀ?’ ಎಂದು. ಹಡಗಿನಲ್ಲಿ ಹಾಗಲ್ಲ. ‘ಇದು ನಿಮಗೆ ಎಷ್ಟನೇ ಕ್ರೂಸ್? ಮೊದಲು ಯಾವ ಕಂಪನಿಯಲ್ಲಿ ಹೋಗಿದ್ದಿರಿ? ನಿಮ್ಮ ಕೋಣೆ ಎಷ್ಟನೇ ಅಂತಸ್ತು?’ ಮೂರು ಪ್ರಶ್ನೆಗಳಲ್ಲಿ ನಿಮ್ಮನ್ನು ತೂಗಿ, ಯಾವ ತಕ್ಕಡಿಗೆ ಹಾಕಬೇಕೆಂದು ತೀರ್ಮಾನಿಸಿಬಿಡುತ್ತಾರೆ. ಈ ದೊಡ್ಡಸ್ತಿಕೆಯ ಲೆಕ್ಕ ಹೇಗೆ ನಡೆಯುತ್ತದೆ, ಅದರಲ್ಲಿ ನಿಜವೆಷ್ಟು, ಪೊಳ್ಳೆಷ್ಟು? ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನ ಲೆಜರ್ ಬರೆದ ಕೈ ನನ್ನದು. ಬನ್ನಿ, ಕೂಡಿ ಕಳೆದು ನೋಡೋಣ.

ಒಂದೇ ಮಾಲೀಕ, ಹತ್ತು ಬೋರ್ಡು

ಮೊದಲು ಹಡಗುಗಳು ಇದ್ದದ್ದು ಜನರನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ಮುಟ್ಟಿಸಲು. ಕ್ಯುನಾರ್ಡ್ ಕಂಪನಿ 1840ರಿಂದ ಅಟ್ಲಾಂಟಿಕ್ ಸಾಗರದಾಚೆ ಟಪಾಲು ಮತ್ತು ಪ್ರಯಾಣಿಕರನ್ನು ಒಯ್ಯುತ್ತಿತ್ತು. ಜೆಟ್ ವಿಮಾನ ಬಂದ ಮೇಲೆ ಏಳು ದಿನದ ದಾರಿ ಏಳು ತಾಸಿನದಾಯಿತು. ಹಡಗುಗಳಿಗೆ ಕೆಲಸ ತಪ್ಪಿತು. ಆಗ ಹುಟ್ಟಿದ್ದೇ ಈಗಿನ ಕ್ರೂಸ್ ವ್ಯಾಪಾರ. ಎಲ್ಲಿಗೋ ಮುಟ್ಟುವುದಕ್ಕಲ್ಲ, ಹಡಗಿನಲ್ಲಿ ಇರುವುದಕ್ಕೇ ಹೋಗುವುದು. 1972ರಲ್ಲಿ ಕಾರ್ನಿವಲ್ ಕಂಪನಿ ‘ಮಾರ್ಡಿ ಗ್ರಾ’ ಎಂಬ ಹಳೆಯ ಹಡಗನ್ನು ಮಿಯಾಮಿಯಿಂದ ಹೊರಡಿಸಿತು. ಮೊದಲ ಪ್ರಯಾಣದಲ್ಲೇ ಅದು ಬಂದರು ದಾಟುವಾಗ ಮರಳಿನಲ್ಲಿ ಸಿಕ್ಕಿಕೊಂಡಿತು! ಅಂಥ ಕಂಪನಿ ಇಂದು ಜಗತ್ತಿನ ಅತಿ ದೊಡ್ಡ ಕ್ರೂಸ್ ಸಂಸ್ಥೆ.

ಪ್ರಯಾಣಿಕರು ಕಟ್ಟಿಕೊಂಡ ಏಣಿ ಹೀಗಿದೆ. ಕೆಳಗಿನ ಮೆಟ್ಟಿಲಲ್ಲಿ ಕಾರ್ನಿವಲ್: ಅಗ್ಗ, ಗದ್ದಲ, ಮಕ್ಕಳ ಕೇಕೆ, ಚಡ್ಡಿ ಹಾಕಿಕೊಂಡೇ ಓಡಾಟ. ಅದರ ಮೇಲೆ ರಾಯಲ್ ಕೆರಿಬಿಯನ್, ನಾರ್ವೀಜಿಯನ್, ಎಂಎಸ್‌ಸಿ. ಇನ್ನೂ ಮೇಲೆ ಪ್ರಿನ್ಸೆಸ್, ಸೆಲೆಬ್ರಿಟಿ, ಹಾಲೆಂಡ್ ಅಮೆರಿಕ. ಇಲ್ಲಿ ಹೆಚ್ಚಿನವರು ನನ್ನಂಥ ನರೆಗೂದಲಿನವರು. ಅದರಾಚೆ ಕೋಟು-ಟೈ ಕಟ್ಟಿ ಊಟಕ್ಕೆ ಹೋಗುವ ಸಂಜೆಗಳಿರುವ ಕ್ಯುನಾರ್ಡ್. ತುದಿಯಲ್ಲಿ ಕೆಲವೇ ನೂರು ಜನರ ಸೀಬೋರ್ನ್, ಸಿಲ್ವರ್‌ಸೀ. ಮೇಲಿನವರಿಗೆ ಕೆಳಗಿನ ಹಡಗು ‘ತೇಲುವ ಸಂತೆ’. ಕೆಳಗಿನವರಿಗೆ ಮೇಲಿನ ಹಡಗು ‘ತೇಲುವ ವೃದ್ಧಾಶ್ರಮ’.

ಈಗ ಲೆಜರ್ ತೆರೆಯೋಣ. ಹಾಲೆಂಡ್ ಅಮೆರಿಕವನ್ನು 1989ರಲ್ಲಿ ಕೊಂಡವರು ಯಾರು? ಕಾರ್ನಿವಲ್. 1998ರಲ್ಲಿ ಕ್ಯುನಾರ್ಡ್ ಯಾರ ಕೈಗೆ ಬಂತು? ಕಾರ್ನಿವಲ್. 2003ರಲ್ಲಿ ಪ್ರಿನ್ಸೆಸ್ ಯಾರ ಜೊತೆ ಸೇರಿತು? ಕಾರ್ನಿವಲ್. ಸೀಬೋರ್ನ್ ಕೂಡ ಅವರದೇ. ಇತ್ತ ಸೆಲೆಬ್ರಿಟಿ, ಸಿಲ್ವರ್‌ಸೀ ಎರಡೂ ರಾಯಲ್ ಕೆರಿಬಿಯನ್ ಗುಂಪಿನವು. ಕ್ಯುನಾರ್ಡಿನಲ್ಲಿ ಕೂತು ಕಾರ್ನಿವಲ್ಲಿಗೆ ಮೂಗು ಮುರಿಯುವ ಸಾಹೇಬರು ಕೊಟ್ಟ ಹಣವೂ ಕೊನೆಗೆ ಬೀಳುವುದು ಅದೇ ಗಲ್ಲೆಗೆ. ಒಂದೇ ಅಡುಗೆಮನೆಯಿಂದ ಎರಡು ಖಾನಾವಳಿ ನಡೆಸಿ, ಒಂದಕ್ಕೆ ಪರದೆ, ಇನ್ನೊಂದಕ್ಕೆ ಬಾಳೆಲೆ ಹಾಕಿದಂತೆ.

ದೊಡ್ಡದು ಅಂದರೆ ಎಷ್ಟು ದೊಡ್ಡದು?

‘ಅಜ್ಜಾ, ನೀ ಹೋಗಿದ್ದ ಹಡಗು ಸಣ್ಣದಂತಲ್ಲ? ನಮ್ಮ ಕ್ಲಾಸಿನ್ಯಾಗ ಒಬ್ಬಾಕಿ ಹಂಗಂದ್ಲು’ ಎಂದು ಮೊಮ್ಮಗಳು ಒಂದು ದಿನ ಮುಖ ಸಣ್ಣ ಮಾಡಿಕೊಂಡು ಬಂದಳು. ಆಕೆಗೆ ಹೇಳಿದ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ, ಪೆನ್ಸಿಲ್ ಹಿಡಿಯಿರಿ.

ಹಡಗಿನ ಗಾತ್ರವನ್ನು ‘ಗ್ರಾಸ್ ಟನ್ನೇಜ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹೆಸರಿನಲ್ಲಿ ಟನ್ ಇದ್ದರೂ ಇದು ತೂಕವಲ್ಲ. ಹಡಗಿನ ಒಳಗಿನ ಜಾಗದ ಅಳತೆ. 2024ರ ಜನವರಿಯಲ್ಲಿ ಯಾನ ಶುರು ಮಾಡಿದ ‘ಐಕಾನ್ ಆಫ್ ದ ಸೀಸ್’ ಹಡಗಿನ ಟನ್ನೇಜ್ 2,48,663. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಪ್ರಯಾಣಿಕರು. ಎಲ್ಲ ಹಾಸಿಗೆ ತುಂಬಿದರೆ 7,600. ಕ್ಯುನಾರ್ಡಿನ ‘ಕ್ವೀನ್ ಮೇರಿ 2’ ಟನ್ನೇಜ್ 1,49,215, ಪ್ರಯಾಣಿಕರು 2,691. ಭಾಗಿಸಿ ನೋಡಿ. ಐಕಾನಿನಲ್ಲಿ ತಲೆಗೆ ಸುಮಾರು 44, ಕ್ವೀನ್ ಮೇರಿಯಲ್ಲಿ ಸುಮಾರು 55. ಅಂದರೆ ದೊಡ್ಡ ಹಡಗಿನಲ್ಲಿ ಒಬ್ಬೊಬ್ಬರಿಗೆ ಸಿಗುವ ಜಾಗ ಕಡಿಮೆ! ದೊಡ್ಡ ಮನೆ ಇದ್ದರೆ ಸಾಲದು, ಅದರಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬುದೂ ಮುಖ್ಯ.

ಕೋಣೆಯ ಅಂತಸ್ತಿನ ಜಂಬವೂ ಹೀಗೇ. ಮೇಲೆ ಹೋದಷ್ಟೂ ಸಾಮಾನ್ಯವಾಗಿ ದರ ಹೆಚ್ಚು. ಆದರೆ ಅಲೆಗೆ ಹಡಗು ತೂಗುವಾಗ ಅತಿ ಕಡಿಮೆ ಅಲುಗುವುದು ಕೆಳಗಿನ, ನಟ್ಟನಡುವಿನ ಕೋಣೆ. ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹುಕ್ಕೇರಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಟ್ಟೆ ತೊಳಸುವ ಅಭ್ಯಾಸವಿದ್ದ ಅಜ್ಜಿಗೆ ಅಗ್ಗದ ಕೋಣೆಯೇ ರಾಜಯೋಗ.

ಬಣ್ಣದ ಕಾರ್ಡು, ಬೀಗದ ಬಾಗಿಲು

ನಮ್ಮ ಕಾಲದ ಬ್ಯಾಂಕಿನಲ್ಲಿ ಹಣ ತೆಗೆಯಲು ಬಂದವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಕಬ್ಬಿನ ಬಿಲ್ಲು ಹಾಕಲು ಬಂದ ಜಮೀನುದಾರರಿಗೂ, ನೂರು ರೂಪಾಯಿ ತೆಗೆಯಲು ಬಂದ ಮುದುಕಿಗೂ ಒಂದೇ ಹಿತ್ತಾಳೆ. ನಂಬರು ಕೂಗಿದಾಗ ಎದ್ದು ಬರಬೇಕು. ಹಡಗಿನ ಕಂಪನಿಗಳಲ್ಲಿ ಹಾಗಿಲ್ಲ. ರಾಯಲ್ ಕೆರಿಬಿಯನ್ನಿನಲ್ಲಿ ಗೋಲ್ಡ್, ಪ್ಲಾಟಿನಂ, ಎಮರಾಲ್ಡ್, ಡೈಮಂಡ್, ಡೈಮಂಡ್ ಪ್ಲಸ್, ಪಿನ್ಯಾಕಲ್ ಎಂದು ಆರು ಮೆಟ್ಟಿಲು. ಸಾಮಾನ್ಯ ಕೋಣೆಯಲ್ಲಿ ಕಳೆದ ಒಂದು ರಾತ್ರಿಗೆ ಒಂದು ಅಂಕ. ಡೈಮಂಡ್ ಆಗಲು 80 ಅಂಕ, ಪಿನ್ಯಾಕಲ್ ಆಗಲು 700 ಅಂಕ! ವರ್ಷಕ್ಕೆ ಎರಡು ವಾರ ಹೋದರೂ 50 ವರ್ಷ ಬೇಕು.

ಇದಲ್ಲದೆ ಹಡಗಿನೊಳಗೆ ಇನ್ನೊಂದು ಹಡಗು ಇರುತ್ತದೆ. ನಾರ್ವೀಜಿಯನ್ನಿನಲ್ಲಿ ಅದರ ಹೆಸರು ‘ಹೇವನ್’, ಎಂಎಸ್‌ಸಿಯಲ್ಲಿ ‘ಯಾಟ್ ಕ್ಲಬ್’. ಹೆಚ್ಚು ಹಣ ಕೊಟ್ಟವರಿಗೆ ಬೇರೆ ಊಟದ ಮನೆ, ಬೇರೆ ಈಜುಕೊಳ. ಕಾರ್ಡು ತೋರಿಸದೆ ಬಾಗಿಲು ತೆರೆಯದು. ಸೌಕರ್ಯಕ್ಕೆ ಹಣ ಕೊಡುವುದು ತಪ್ಪಲ್ಲ. ಆದರೆ ಕಾರ್ಡಿನ ಬಣ್ಣ ನೋಡಿ ಮಾತಾಡಿಸುವ, ಮಾತು ಬಿಡುವ ಚಾಳಿ ಇದೆಯಲ್ಲ, ಅದು ಬೇರೆ.

ಈ ರೋಗ ಹಳೆಯದು

ಟೈಟಾನಿಕ್ ಸಿನಿಮಾ ನೋಡಿದ್ದೀರಲ್ಲ? 1912ರ ಏಪ್ರಿಲ್ 15ರ ನಸುಕಿನಲ್ಲಿ ಅದು ಮುಳುಗಿತು. ಅದರಲ್ಲಿ ಮೂರು ದರ್ಜೆಗಳು. ಮೊದಲ ದರ್ಜೆಯಲ್ಲಿ 100ಕ್ಕೆ ಸುಮಾರು 60 ಜನ ಬದುಕಿದರು. ಮೂರನೇ ದರ್ಜೆಯಲ್ಲಿ 100ಕ್ಕೆ ಸುಮಾರು 25 ಮಾತ್ರ. ಮೂರನೇ ದರ್ಜೆಯವರ ಕೋಣೆಗಳು ಕೆಳಗೆ, ಪ್ರಾಣ ಉಳಿಸುವ ದೋಣಿಗಳು ಮೇಲೆ. ನಡುವೆ ಸುತ್ತುಬಳಸಿನ ದಾರಿ, ದರ್ಜೆ ಬೇರ್ಪಡಿಸುವ ಅಡ್ಡಗಟ್ಟುಗಳು. ಎಲ್ಲರೂ ಹತ್ತಿದ್ದು ಒಂದೇ ಹಡಗು, ತಣ್ಣಗಿನ ನೀರೂ ಒಂದೇ. ಆದರೂ ಟಿಕೇಟಿನ ದರ್ಜೆ ಪ್ರಾಣದ ಲೆಕ್ಕಕ್ಕೂ ಬಂತು. ಮೇಲು-ಕೀಳು ಎಂಬುದು ಬರೀ ಊಟದ ಮೇಜಿನ ತಮಾಷೆಯಲ್ಲ ಎಂದು ನಾನು ಹೇಳುವುದು ಇದಕ್ಕೇ.

ನಮ್ಮ ದೇಶಕ್ಕೆ ಬರುತ್ತಿದ್ದ ಇಂಗ್ಲಿಷರ ಹಡಗುಗಳ ಬಗ್ಗೆಯೂ ಒಂದು ಕತೆ ಇದೆ. ‘ಪಾಶ್’ ಎಂಬ ಇಂಗ್ಲಿಷ್ ಮಾತು ಕೇಳಿದ್ದೀರಿ, ಶ್ರೀಮಂತಿಕೆಯ ಠೀವಿ ಎಂದರ್ಥ. ಬರುವಾಗ ಎಡಬದಿಯ, ಹೋಗುವಾಗ ಬಲಬದಿಯ ಕೋಣೆ ಹಿಡಿದರೆ ಬಿಸಿಲು ಬೀಳದು. ದುಡ್ಡಿದ್ದವರು ಹಾಗೆ ಕಾದಿರಿಸುತ್ತಿದ್ದರು, ಆ ನಾಲ್ಕು ಪದಗಳ ಮೊದಲಕ್ಷರ ಸೇರಿ ಈ ಮಾತು ಹುಟ್ಟಿತು ಎನ್ನುತ್ತಾರೆ. ಕತೆ ಚೆಂದವಿದೆ, ಆದರೆ ನಿಘಂಟುಕಾರರಿಗೆ ಇದಕ್ಕೆ ಪುರಾವೆ ಸಿಕ್ಕಿಲ್ಲ. ಜಂಬಕ್ಕೆ ಕತೆ ಕಟ್ಟುವವರು ಎಂದೂ ಕಡಿಮೆಯಿಲ್ಲ!

1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ‘ಕ್ಲೈಡ್’ ಎಂಬ ಹಡಗು ಹತ್ತಿದ ಒಬ್ಬ ಹುಡುಗನಿಗೆ ಇನ್ನೂ 19 ತುಂಬಿರಲಿಲ್ಲ. ಇಂಗ್ಲಿಷ್ ಮಾತಾಡಲು ಸಂಕೋಚ, ಚಮಚ-ಮುಳ್ಳು ಹಿಡಿಯಲು ಬಾರದು, ಬಡಿಸಿದ್ದರಲ್ಲಿ ಮಾಂಸ ಇದೆಯೋ ಇಲ್ಲವೋ ಎಂದು ಕೇಳಲು ಧೈರ್ಯವಿಲ್ಲ. ಊಟದ ಮನೆಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕೋಣೆಯಲ್ಲೇ ಕೂತು ತಿನ್ನುತ್ತಿದ್ದ. ಆ ಹುಡುಗ ಮೋಹನದಾಸ ಗಾಂಧಿ. ಅದೇ ಗಾಂಧೀಜಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ‘ರಾಜಪುತಾನಾ’ ಹಡಗಿನಲ್ಲಿ ಲಂಡನ್ನಿಗೆ ಹೊರಟಾಗ ಕೇಳಿ ಪಡೆದದ್ದು ಎರಡನೇ ದರ್ಜೆ. ದೇಶದ ಪ್ರತಿನಿಧಿಯಾದವರು ಬೇಕೆಂದರೆ ಮೊದಲ ದರ್ಜೆ ಸಿಗುತ್ತಿರಲಿಲ್ಲವೇ?

ನಮ್ಮ ಭಾಗದ ಹಿರಿಯರಿಗೆ ಮುಂಬಯಿ-ಪಣಜಿ ಸ್ಟೀಮರ್ ನೆನಪಿರಬೇಕು. ‘ಕೊಂಕಣ ಸೇವಕ’, ‘ಕೊಂಕಣ ಶಕ್ತಿ’ ಎಂಬ ಹಡಗುಗಳಿದ್ದವು. ಮಳೆಗಾಲದಲ್ಲಿ ಬಂದ್. ಎಪ್ಪತ್ತರ ದಶಕದಲ್ಲಿ ಸೋದರಮಾವನ ಜೊತೆ ನಾನು ಭಾವೂಚಾ ಧಕ್ಕೆಯಲ್ಲಿ ಹತ್ತಿದ್ದೆ. ಕೆಳಗಿನ ಡೆಕ್ಕಿನಲ್ಲಿ ಊರಿಗೆ ಹೊರಟ ಕೊಂಕಣದ ಜನ ಚಾಪೆ, ಜಮಖಾನ ಹಾಸಿ ಸಂಸಾರವನ್ನೇ ಹರವಿದ್ದರು. ಮಾವ ಕಟ್ಟಿಸಿಕೊಂಡು ಬಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವರಿಗೆ ಹೋಯಿತು. ಅವರ ಹುರಿದ ಗೋಡಂಬಿ ನಮಗೆ ಬಂತು. ಮೇಲಿನ ಡೆಕ್ಕಿನವರು ಕಟಾಂಜನದಿಂದ ಬಗ್ಗಿ ನಮ್ಮನ್ನು ನೋಡುತ್ತಿದ್ದರು. ಅವರಿಗೆ ಗಾಳಿ ಹೆಚ್ಚು ಸಿಕ್ಕಿತ್ತು, ಗೋಡಂಬಿ ಸಿಗಲಿಲ್ಲ.

ನಮ್ಮ ದೇಶದ ಹಡಗುಗಳು

2018ರ ಅಕ್ಟೋಬರಿನಲ್ಲಿ ಮುಂಬಯಿ-ಗೋವಾ ನಡುವೆ ‘ಆಂಗ್ರಿಯಾ’ ಹೊರಟಿತು. 2019ರಲ್ಲಿ ಜಲೇಶ್ ಕಂಪನಿಯ ‘ಕರ್ಣಿಕಾ’ ಬಂತು. ಕೊರೊನಾ ಹೊಡೆತಕ್ಕೆ 2020ರಲ್ಲೇ ಕಂಪನಿ ಬಾಗಿಲು ಹಾಕಿತು. 2021ರ ಸೆಪ್ಟೆಂಬರಿನಿಂದ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಮುಂಬಯಿಯಿಂದ ಓಡಾಡತೊಡಗಿತು.

ವಿದೇಶದಲ್ಲಿ ತಿರುಗಿ ಬಂದ ನಮ್ಮವರೇ ‘ಅದೇನ್ರೀ, ದೇಸಿ ಹಡಗು’ ಎಂದು ಮುಖ ಕಿವುಚುತ್ತಾರೆ. ಅವರಿಗೆ ಒಂದು ಗುಟ್ಟು ಹೇಳಿ. ಈ ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ರಾಯಲ್ ಕೆರಿಬಿಯನ್ನಿಗಾಗಿ! ಆಗಿನ ಹೆಸರು ‘ನಾರ್ಡಿಕ್ ಎಂಪ್ರೆಸ್’. ಕರ್ಣಿಕಾ ಕೂಡ ಮೊದಲು ಪ್ರಿನ್ಸೆಸ್ ಕಂಪನಿಯ ‘ಕ್ರೌನ್ ಪ್ರಿನ್ಸೆಸ್’. ಮೈ ಅದೇ, ಅಂಗಿ ಬೇರೆ. ಎಂಪ್ರೆಸ್ಸಿನ ಟನ್ನೇಜ್ ಸುಮಾರು 48,500. ಟೈಟಾನಿಕ್ಕಿನದು ಸುಮಾರು 46,300. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡದೆನಿಸಿದ್ದ ಹಡಗಿಗಿಂತ ನಮ್ಮ ‘ಸಣ್ಣ’ ಹಡಗು ದೊಡ್ಡದು. ಮೊಮ್ಮಗಳು ಇದನ್ನು ಮರುದಿನವೇ ಶಾಲೆಗೆ ಒಯ್ದಳು. ‘ಒಯ್ಯಿ, ಆದ್ರ ಜಂಬ ಒಯ್ಯಬ್ಯಾಡ’ ಎಂದೆ.

ಅತಿ ಸಣ್ಣ ಹಡಗು ಅತಿ ದುಬಾರಿಯಾಗಿರುವುದೂ ಉಂಟು. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ’ದಲ್ಲಿ ಬರೀ 18 ಕೋಣೆ, 36 ಜನ. ದಿಬ್ರುಗಢದವರೆಗೆ 51 ದಿನ, ಸುಮಾರು 3,200 ಕಿಲೋಮೀಟರ್.

ಎದುರಿಗೆ ನಿಂತವನೂ ಮನುಷ್ಯ

ನಾನೂ ಮನೆಯವರೂ ಮೂರು ದಿನ ಒಂದು ಹಡಗಿನಲ್ಲಿದ್ದೆವು. ಊಟದ ಮೇಜಿನಲ್ಲಿ ಒಬ್ಬ ಗೃಹಸ್ಥರು ತಮ್ಮ ಹನ್ನೊಂದು ಯಾತ್ರೆಗಳ ಯಾದಿ ಓದಿದರು. ಬಡಿಸುವ ಹುಡುಗ ನೀರು ತರಲು ತುಸು ತಡಮಾಡಿದ್ದಕ್ಕೆ, ಅವನ ಕಡೆ ನೋಡದೆಯೇ ಬೆರಳು ಚಿಟಿಕೆ ಹೊಡೆದರು. ಹುಡುಗ ನಕ್ಕೇ ನೀರು ಇಟ್ಟ. ನಾವಿಬ್ಬರೂ ಕನ್ನಡದಲ್ಲಿ ಮಾತಾಡುವುದು ಕೇಳಿ ನಮ್ಮ ಹತ್ತಿರ ಬಂದು, ‘ನೀವು ಯಾವ ಊರು ಮಾರಾಯ್ರೆ?’ ಎಂದ. ಉಡುಪಿ ಕಡೆಯವನು. ಹಡಗು ಹತ್ತಿ ಏಳನೇ ತಿಂಗಳು, ಊರಿನಲ್ಲಿ ಅವನ ಮಗು ಆಗ ತಾನೇ ನಡೆಯಲು ಕಲಿತಿತ್ತು. ಫೋನಿನಲ್ಲಿ ತೋರಿಸಿದ. ನನ್ನ ಮನೆಯವರು ಮರುದಿನ ಚೀಲದಲ್ಲಿದ್ದ ಗೋಕಾಕ ಕರದಂಟಿನ ಡಬ್ಬಿಯನ್ನು ಅವನ ಕೈಗಿಟ್ಟರು. ‘ಇಡೀ ಹಡಗಿನಲ್ಲಿ ನಮ್ಮ ಊರು ಕೇಳಿದವನು ಇವನೊಬ್ಬನೇ ನೋಡ್ರಿ’ ಎಂದರು.

ಹಡಗಿನ ಕೆಲಸಗಾರರಿಗೆ ದಿನಕ್ಕೆ 14 ತಾಸು, ವಾರಕ್ಕೆ 72 ತಾಸು ದಾಟಬಾರದು ಎಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಮಿತಿಯೇ ಇಷ್ಟಿದ್ದರೆ ದುಡಿಮೆ ಎಷ್ಟಿರಬೇಕು, ಯೋಚಿಸಿ. ಅಮೆರಿಕದ ಬಹಳಷ್ಟು ಕಂಪನಿಗಳಲ್ಲಿ ಬಿಲ್ಲಿಗೆ ದಿನವಹಿ ‘ಗ್ರ್ಯಾಚುಟಿ’ ಸೇರಿಸುತ್ತಾರೆ. ಬ್ಯಾಂಕಿನವರಾದ ನಮಗೆ ಗ್ರ್ಯಾಚುಟಿ ಎಂದರೆ ನಿವೃತ್ತಿಯ ದಿನ ಕೈಗೆ ಬರುವ ಹಣ. ಹಡಗಿನಲ್ಲಿ ಅದು ಕೈಯಿಂದ ಹೋಗುವ ಹಣ! ಕೊಡಲು ಗೊಣಗಬೇಡಿ.

ಹೊರಡುವ ಮುಂಚೆ

ಅಜ್ಜ-ಅಜ್ಜಿಯರೇ, ಹಡಗು ಆರಿಸುವಾಗ ಹೆಸರು ಕೇಳಬೇಡಿ, ಇವನ್ನು ಕೇಳಿ. ಶಾಕಾಹಾರ ಊಟ ದಿನವೂ ಸಿಗುತ್ತದೆಯೇ? ಹಡಗಿನಲ್ಲಿ ವೈದ್ಯರಿದ್ದಾರೆಯೇ, ಅವರ ಫೀಯನ್ನು ನಿಮ್ಮ ವಿಮೆ ಕೊಡುತ್ತದೆಯೇ? ಕೋಣೆ ಲಿಫ್ಟಿನ ಹತ್ತಿರವಿದೆಯೇ? ಟಿಕೇಟಿನ ದರದಲ್ಲಿ ಬಂದರಿನ ತೆರಿಗೆ ಸೇರಿದೆಯೋ, ಮೇಲೆ ಬೇರೆಯೋ? ಊರಿನ ಬಂದರಿನಲ್ಲಿ ಇಳಿಯಲು ದೊಡ್ಡ ಹಡಗಿನಿಂದ ಸಣ್ಣ ದೋಣಿಗೆ ದಾಟಬೇಕೇ? ಮೊಣಕಾಲು ನೋವಿದ್ದವರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ.

ಮಕ್ಕಳೇ, ನಿಮಗೊಂದು ಕೆಲಸ. ರಜೆ ಮುಗಿಸಿ ಶಾಲೆಗೆ ಹೋದಾಗ ಒಬ್ಬರು ಹಡಗಿನಲ್ಲಿ ಹೋಗಿರುತ್ತಾರೆ, ಒಬ್ಬರು ರೈಲಿನಲ್ಲಿ ಅಜ್ಜಿಯ ಊರಿಗೆ, ಇನ್ನೊಬ್ಬರು ಎಲ್ಲೂ ಹೋಗದೆ ಹೊಲದಲ್ಲಿ ಅಪ್ಪನ ಜೊತೆ ಇದ್ದಿರುತ್ತಾರೆ. ‘ಎಲ್ಲಿಗೆ ಹೋಗಿದ್ದಿ?’ ಎಂದು ಕೇಳುವ ಬದಲು ‘ಏನು ನೋಡಿದಿ?’ ಎಂದು ಕೇಳಿ ನೋಡಿ. ಮೂವರ ಹತ್ತಿರವೂ ಹೇಳಲು ಏನಾದರೂ ಇದ್ದೇ ಇರುತ್ತದೆ.