ದೇವರಕಾಡು ಮತ್ತು ಅರಣ್ಯ ಪ್ರಮಾಣೀಕರಣ

ಕಾಡಿನ ಒಡೆಯನೂ ಅಲ್ಲದ, ಮರ ಕೊಳ್ಳುವವನೂ ಅಲ್ಲದ ಮೂರನೆಯ ಸಂಸ್ಥೆಯೊಂದು ಗೊತ್ತುಪಡಿಸಿದ ಮಾನದಂಡಗಳಿಂದ ಕಾಡಿನ ನಿರ್ವಹಣೆಯನ್ನು ಪರಿಶೀಲಿಸಿ, ಅದು ಸುಸ್ಥಿರವಾಗಿದೆಯೆಂದು ಲಿಖಿತವಾಗಿ ದೃಢೀಕರಿಸುವುದೇ ಅರಣ್ಯ ಪ್ರಮಾಣೀಕರಣ. 1993ರಲ್ಲಿ ಸ್ಥಾಪನೆಗೊಂಡ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಈ ಪದ್ಧತಿಯನ್ನು ಅನೇಕ ದೇಶಗಳಿಗೆ ಹರಡಿತು. ಭಾರತ ಸರ್ಕಾರವು ತನ್ನದೇ ಯೋಜನೆಯನ್ನು 2023ರ ಡಿಸೆಂಬರಿನಲ್ಲಿ ಆರಂಭಿಸಿತು. ಅರಣ್ಯದ ಹೊರಗಿನ ಮರಗಳೂ ಅದರ ವ್ಯಾಪ್ತಿಗೆ ಸೇರುವುದರಿಂದ ಮುದಗಲ್ಲಿನಂತಹ ಬಯಲುಸೀಮೆಯ ಬದುವಿನ ಬೇವೂ ಅದಕ್ಕೆ ಹೊರತಲ್ಲ.

ಜಾನಪದ ಅಧ್ಯಯನಕ್ಕೆ ಇಲ್ಲಿ ಮುಖ್ಯವಾದುದು ಕೌನ್ಸಿಲ್‌ನ 10 ತತ್ತ್ವಗಳಲ್ಲಿ ಒಂಬತ್ತನೆಯದು. ಉನ್ನತ ಸಂರಕ್ಷಣಾ ಮೌಲ್ಯಗಳನ್ನು ಕುರಿತ ಈ ತತ್ತ್ವದ ಪ್ರಕಾರ, ಸ್ಥಳೀಯರು ಪವಿತ್ರವೆಂದು ಭಾವಿಸಿದ ತಾಣಗಳನ್ನು ಅವರೊಡನೆಯೇ ಸಮಾಲೋಚಿಸಿ ಗುರುತಿಸಬೇಕು, ಕಾಪಾಡಬೇಕು. ರಾಜ್ಯದಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನವೆಂದರೆ ಕೊಡಗಿನ ದೇವರಕಾಡುಗಳು.

ಅಲ್ಲಿ ಮರ ಕಡಿಯಬಾರದೆಂಬ ಕಟ್ಟುಪಾಡಿಗೆ ದೈವವೇ ಸಾಕ್ಷಿ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳು ಇಂದಿಗೂ ಕಾಣಸಿಗುತ್ತವೆ. (‘ಪ್ರಮಾಣ’ವೆಂಬ ಪದಕ್ಕೆ ಕನ್ನಡದಲ್ಲಿ ಆಣೆಯೆಂಬ ಅರ್ಥವೂ ಇರುವುದು ಗಮನಾರ್ಹ.) ಆದರೆ ಭಯಭಕ್ತಿ ಸಡಿಲಗೊಂಡಾಗ ಎಚ್ಚರಿಸಬಲ್ಲ ಹೊರಗಿನ ಪರಿಶೀಲಕನಿರಲಿಲ್ಲ. 1905ರಲ್ಲಿ 15,000 ಎಕರೆಗೂ ಮಿಕ್ಕಿದ್ದ ಇವುಗಳ ವಿಸ್ತೀರ್ಣ 1985ರ ವೇಳೆಗೆ ಸುಮಾರು 6,300 ಎಕರೆಗೆ ಇಳಿಯಿತು. ಒತ್ತುವರಿಯೂ ಕಾಫಿ ತೋಟಗಳ ವಿಸ್ತರಣೆಯೂ ಇದರ ಪ್ರಮುಖ ಕಾರಣಗಳು.

ಹಾಗೆಂದು ಪರಿಶೀಲಕನೊಬ್ಬನೇ ಸಾಲನು. ಮರದ ಸುತ್ತಳತೆಯನ್ನು ಅವನು ಅಳೆಯಬಲ್ಲ. ಆ ಮರವನ್ನು ಏಕೆ ಮುಟ್ಟಬಾರದೆಂಬುದು ಊರ ಹಿರಿಯರ ನೆನಪಿನಲ್ಲಿದೆ, ಬಾಯ್ದೆರೆಯ ಐತಿಹ್ಯದಲ್ಲಿದೆ. ಹಬ್ಬ, ನಿಷೇಧ, ಹರಕೆಗಳ ವಿವರ ಕ್ಷೇತ್ರಕಾರ್ಯದ ಮೂಲಕ ಗ್ರಾಮವಾರು ದಾಖಲಾಗದ ಹೊರತು ಒಂಬತ್ತನೆಯ ತತ್ತ್ವದ ಪರಿಶೀಲನೆಗೆ ಆಧಾರವೇ ದೊರೆಯದು.